ಅತ್ತಿಗೆಯ ಅಳತೆ

ನಮ್ಮಣ್ಣ ದರ್ಜಿ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲೇ ಎದೆ ಮೂವತ್ತೆಂಟು, ಭುಜ ಹದಿನೇಳು ಎಂದು ಹೇಳಿಬಿಡುತ್ತಿದ್ದ. ಟೇಪು ಹಿಡಿಯುವುದು ಅವರ ಸಮಾಧಾನಕ್ಕೆ. "ಹೊಟ್ಟೆ ಒಂದಿಂಚು ಮುಂದೆ ಬಂದಿದೆಯಲ್ಲ ಸಾರ್, ಬಡ್ತಿ ಸಿಕ್ತಾ?" ಎಂದು ನಗಿಸುತ್ತಿದ್ದ. ನಾನು ಪಕ್ಕದ ಮೇಜಿನಲ್ಲಿ ಇಸ್ತ್ರಿ ಹಾಕುವವನು. ಊಟ, ನಿದ್ದೆ ಎಲ್ಲ ಅಣ್ಣನ ಮನೆಯಲ್ಲೇ.

ಅತ್ತಿಗೆಯ ರವಿಕೆಗಳನ್ನೂ ಅಣ್ಣನೇ ಹೊಲಿಯುತ್ತಿದ್ದ. ಅಳತೆ ಮಾತ್ರ ಮದುವೆಯಾದ ವರ್ಷದ್ದು. ಮತ್ತೆ ಅಳೆಯಬೇಕೆಂದು ಅವನಿಗೆ ಅನ್ನಿಸಲೇ ಇಲ್ಲ. ಮನೆಯವಳ ಅಳತೆ ಕೈಗೇ ಗೊತ್ತು ಎಂಬ ಜಂಬ ಬೇರೆ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ.

ಮೊನ್ನೆ ಅತ್ತಿಗೆಯ ನೀಲಿ ರವಿಕೆ ಇಸ್ತ್ರಿಗೆ ಬಂತು. ಒಳಮಗ್ಗುಲು ತಿರುಗಿಸಿದೆ. ಅಣ್ಣನ ಮಿಷನ್ ಹೊಲಿಗೆಯ ಒಳಗಡೆ, ಎರಡೂ ಪಕ್ಕಕ್ಕೆ, ಅತ್ತಿಗೆ ಕೈಹೊಲಿಗೆ ಹಾಕಿ ರವಿಕೆಯನ್ನು ಬಿಗಿ ಮಾಡಿಕೊಂಡಿದ್ದರು. ಅದರೊಳಗೆ ಮತ್ತೊಂದು ಸಾಲು. ಅದರೊಳಗೆ ಇನ್ನೂ ಒಂದು, ದಾರ ಹೊಸದು. ಒಟ್ಟು ನಾಲ್ಕಿಂಚು. ಮೊದಲೆರಡು ಸಾಲುಗಳ ಮೇಲೆ ನಾನೇ ಎಷ್ಟು ಸಲ ಇಸ್ತ್ರಿ ಒತ್ತಿದ್ದೆನೋ. ಸುಕ್ಕು ಹೋಯಿತೇ ಎಂದು ನೋಡಿದ್ದೆನೇ ಹೊರತು, ತೊಡುವವರು ಕರಗುತ್ತಿದ್ದಾರೆಂದು ತಲೆಗೆ ಹೋಗಿರಲಿಲ್ಲ. ಮೂರು ಹೊತ್ತೂ ಅವರ ಕೈಯಿಂದಲೇ ತಿಂದವನು ನಾನು.

ರವಿಕೆಯನ್ನು ಅಣ್ಣನ ಮುಂದೆ ಹರಡಿದೆ. ಅವನು ಆ ಸಾಲುಗಳ ಮೇಲೆ ಬೆರಳಾಡಿಸಿದ. ಗಿರಾಕಿಯನ್ನು ಅರ್ಧ ಅಳತೆಯಲ್ಲೇ ಬಿಟ್ಟು ಮನೆಗೆ ನಡೆದ. ನಾನೂ ಹಿಂದೆಯೇ ಹೋದೆ.

ಅತ್ತಿಗೆ ಸ್ಟೂಲಿನ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದರು. ಮೊದಲೆಲ್ಲ ನಿಂತೇ ಹೆಚ್ಚುತ್ತಿದ್ದರು. ಅಡುಗೆಮನೆಗೆ ಸ್ಟೂಲು ಯಾವಾಗ ಬಂತೋ ನಮ್ಮಿಬ್ಬರಿಗೂ ಗೊತ್ತಿಲ್ಲ. ಅಣ್ಣ ಕುತ್ತಿಗೆಯ ಟೇಪು ತೆಗೆದು ಅವರ ಸುತ್ತ ಹಿಡಿದ.

"ಎಷ್ಟು ದಿನದಿಂದ?"

"ಎಂಟು ತಿಂಗ್ಳಾಯ್ತು. ಊಟ ಸೇರ್ತಿಲ್ಲ."

"ಒಂದು ಮಾತು ಹೇಳ್ಬಾರ್ದಿತ್ತಾ?"

"ಊರೋರನ್ನೆಲ್ಲ ಕಣ್ಣಲ್ಲೇ ಅಳೀತೀರಲ್ಲ. ಇವತ್ತು ನೋಡ್ತಾರೆ, ನಾಳೆ ನೋಡ್ತಾರೆ ಅಂದ್ಕೊಂಡೆ. ಆಮೇಲೆ ಹೇಳೋಕೇ ಮನಸ್ಸು ಬರ್ಲಿಲ್ಲ."

ಅಣ್ಣ ಗೋಡೆಗೆ ಮುಖ ಮಾಡಿ ಅತ್ತ. ನಾನು ನೆಲ ನೋಡುತ್ತ ನಿಂತೆ. ಅವರ ಮುಖ ನೋಡುವ ಯೋಗ್ಯತೆ ನನಗಿರಲಿಲ್ಲ. ಈಗಲೇ ಆಸ್ಪತ್ರೆಗೆ ಹೋಗೋಣ ಎಂದ ಅಣ್ಣ. ಅತ್ತಿಗೆ ಚಾಕು ತೊಳೆದಿಟ್ಟು, ಚಪ್ಪಲಿ ಮೆಟ್ಟುತ್ತ ನನ್ನ ಕಡೆ ತಿರುಗಿದರು.

"ನೀನೂ ಬಾ. ಆ ಬಲಗೈ ತೋರಿಸ್ಕೊ. ಒಂದು ತಿಂಗಳಿಂದ ಲೋಟನ ಎಡಗೈಲೇ ಹಿಡೀತಿದ್ದೀಯ."

ಮಣಿಕಟ್ಟಿನ ನೋವನ್ನು ನಾನು ಯಾರಿಗೂ ಹೇಳಿರಲಿಲ್ಲ.