ಎರಡೂ ಕೈ ಕಿಟಕಿಯ ಹೊರಗೆ

ವಿಮಾನ ಹಾರಿಸಲು ಕಲಿಸುವ ಆ ಶಾಲೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಫ್ಯಾನಪ್ಪ ಎಂದೇ. ಸ್ಟಾರ್ಟರ್ ಇಲ್ಲದ ಹಳೆಯ ಪುಟ್ಟ ವಿಮಾನದ ಮುಂದಿನ ಫ್ಯಾನನ್ನು ಕೈಯಲ್ಲೇ ತಿರುಗಿಸಿ ಎಂಜಿನ್ ಎಬ್ಬಿಸುವುದು ಅವನ ಕೆಲಸ. ಮೂವತ್ತು ವರ್ಷದಲ್ಲಿ ಅವನಿಗೊಂದು ಗೀರೂ ಬಿದ್ದಿರಲಿಲ್ಲ. ಪೆಟ್ಟು ಬಿದ್ದದ್ದು ಬಾಮೈದನಿಗೆ, ಅದೂ ಇವನಿಂದಲೇ.

ಇಬ್ಬರೂ ಅಲ್ಲೇ ಮೆಕ್ಯಾನಿಕ್‌ಗಳು. ಒಬ್ಬ ಫ್ಯಾನ್ ಹಿಡಿದರೆ ಇನ್ನೊಬ್ಬ ಒಳಗೆ ಸ್ವಿಚ್ ಹತ್ತಿರ. ಹೊರಗಿನವನು ಕೂಗಿ ಕೇಳಬೇಕು, ಒಳಗಿನವನು "ಆಫ್" ಎನ್ನಬೇಕು. ಪೆಟ್ರೋಲ್ ಎಳೆಯಲಿ ಎಂದು ಫ್ಯಾನನ್ನು ಎರಡು ಸುತ್ತು ತಿರುಗಿಸಿ, ಮತ್ತೆ ಕೂಗಿದ ಮೇಲೆಯೇ ಸ್ವಿಚ್ ಆನ್.

ಎಂಟು ವರ್ಷದ ಹಿಂದೆ, ಅತ್ತೆಯ ಹೊಲಿಗೆ ಯಂತ್ರ ಯಾರ ಮನೆಗೆ ಎಂಬ ಘನ ವಿಷಯಕ್ಕೆ ಇಬ್ಬರಿಗೂ ಮಾತು ನಿಂತಿತು. ಮಾತು ಬಿಟ್ಟವರು ಕೂಗುವುದಾದರೂ ಹೇಗೆ? ಕೈಸನ್ನೆಯಲ್ಲೇ ಕೆಲಸ ಸಾಗಿತು. ಒಂದು ಬೆಳಿಗ್ಗೆ ಬಾಮೈದ ಕೈ ಎತ್ತಿದ್ದು ಆಫ್ ಇದೆಯಾ ಎಂದು ಕೇಳಲು. ಒಳಗೆ ಮುಖ ಊದಿಸಿಕೊಂಡು ಕೂತಿದ್ದ ಫ್ಯಾನಪ್ಪ, ಆನ್ ಮಾಡು ಎನ್ನುತ್ತಿದ್ದಾನೆ ಎಂದುಕೊಂಡು ಸ್ವಿಚ್ ಒತ್ತಿದ. ಬಾಮೈದ ಫ್ಯಾನ್ ಮುಟ್ಟಿ ತಿರುಗಿಸಿದ್ದೇ ತಡ, ಎಂಜಿನ್ ಎದ್ದೇಬಿಟ್ಟಿತು. ಎಡಗೈಯ ಮೂರು ಬೆರಳು ಹೋದವು.

ಬಾಮೈದ ಯಾರ ಮೇಲೂ ದೂರು ಹೇಳಲಿಲ್ಲ. ಸ್ಟೋರಿನಲ್ಲಿ ಬಿಡಿಭಾಗ ಕೊಡುವ ಕೆಲಸಕ್ಕೆ ಹೋದ. ಫ್ಯಾನಪ್ಪ ಚೀಟಿ ಕೊಡುತ್ತಿದ್ದ, ಅವನು ಸಾಮಾನು ಕೊಡುತ್ತಿದ್ದ. ಹೊಲಿಗೆ ಯಂತ್ರ ಯಾರಿಗೂ ಬೇಡವಾಗಿ ಮೂಲೆ ಸೇರಿತು. ತಪ್ಪಾಯ್ತು ಎಂಬ ಮಾತು ದಿನವೂ ಫ್ಯಾನಪ್ಪನ ನಾಲಿಗೆ ತುದಿಗೆ ಬಂದು ಅಲ್ಲೇ ನಿಲ್ಲುತ್ತಿತ್ತು. ಹಾಳು ಬಿಗುಮಾನ ಬಿಡಬೇಕಲ್ಲ. ಅದರ ಬದಲು ಹೊಸದೊಂದು ನಿಯಮ ತಂದ. ಆಫ್ ಎಂದವನು ಎರಡೂ ಕೈಗಳನ್ನು ಕಿಟಕಿಯಿಂದ ಹೊರಗೆ ಚಾಚಿ ತೋರಿಸಬೇಕು.

ಅವನು ನಿವೃತ್ತನಾಗುವ ದಿನ ಒಳಗೆ ಕೂರುವವನು ರಜೆ ಹಾಕಿದ್ದ. ಯಾರೂ ಕರೆಯದೆಯೇ ಬಾಮೈದ ಸ್ಟೋರಿನಿಂದ ಎದ್ದು ಬಂದು ವಿಮಾನ ಹತ್ತಿ ಕೂತ. ಫ್ಯಾನಪ್ಪ ಫ್ಯಾನಿನ ಮುಂದೆ ಹೋಗಿ ನಿಂತು ಕೂಗಿದ.

"ಸ್ವಿಚ್ ಆಫಾ?"

"ಆಫ್, ಭಾವ."

ಕಿಟಕಿಯಿಂದ ಎರಡು ಕೈ ಹೊರಬಂದವು. ಏಳು ಬೆರಳು.

ಆಗಲೇ ಹೇಳಬಹುದಿತ್ತು, ಸುತ್ತ ಒಂದು ಸದ್ದೂ ಇರಲಿಲ್ಲ. ಮೊದಲು ಕೆಲಸ ಮುಗಿಯಲಿ ಎಂದುಕೊಂಡ. ಎರಡು ಸುತ್ತು ತಿರುಗಿಸಿದ, ಮತ್ತೆ ಕೂಗಿದ, ಬಲವಾಗಿ ಎಳೆದು ಹಿಂದೆ ಸರಿದ. ಎಂಜಿನ್ ಅಬ್ಬರಿಸಿ ಎದ್ದಿತು.

"ತಪ್ಪಾಯ್ತು ಕಣೋ. ಅವತ್ತು ನಾನು ಏನು ಅಂತ ಬಾಯಿಬಿಟ್ಟು ಕೇಳಬೇಕಿತ್ತು."

ಆ ಸದ್ದಿನಲ್ಲಿ ಹೇಳಿದ್ದು ಅವನಿಗೇ ಕೇಳಿಸಲಿಲ್ಲ. ಬಾಮೈದ ಎಡಗೈಯನ್ನು ಕಿವಿಗೆ ಹಚ್ಚಿ, ಏನು ಎಂಬಂತೆ ಮುಂದಕ್ಕೆ ಬಾಗಿದ.

ಏನಿಲ್ಲ ಎಂದು ಫ್ಯಾನಪ್ಪ ಕೈಯಾಡಿಸಿದ.