ದೇವರ ಜಗಲಿಯ ದೀಪಕ್ಕೆ ನಾನು ಕೊಟ್ಟ ಅಪ್ಪಣೆ

ಎರಡನೇ ಮಹಾಯುದ್ಧದ ಮೂರನೆಯ ವರ್ಷ. ಡಾಕ್ಟರಿಕೆಯ ಎಲ್‌ಸಿಪಿಎಸ್ ಪರೀಕ್ಷೆ ಪಾಸು ಮಾಡಿ ಗೋಕಾಕದ ಪೇಟೆಯಲ್ಲಿ ದವಾಖಾನೆ ತೆರೆದು ನನಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಗೋಕಾಕ, ಹುಕ್ಕೇರಿ ಕಡೆಯ ಖಾಸಗಿ ಡಾಕ್ಟರುಗಳೆಲ್ಲ ಸೇರಿ ಕಟ್ಟಿಕೊಂಡ ಸಂಘವೊಂದಿತ್ತು. ತಿಂಗಳಿಗೊಮ್ಮೆ ಕೂಡುತ್ತಿದ್ದೆವು, ಚಹಾ ಕುಡಿದು, ನಮ್ಮ ನಮ್ಮ ಕಂಪೌಂಡರುಗಳನ್ನು ಬೈದು ಏಳುತ್ತಿದ್ದೆವು. ಆ ಸಲ ಮಾತ್ರ ಯಾರೂ ಚಹಾ ಮುಟ್ಟಲಿಲ್ಲ. ಕುಲಗೋಡದ ಆಚೆಗಿನ ಒಂದು ಹಳ್ಳಿಯಲ್ಲಿ ಇಲಿ ಬೀಳತೊಡಗಿವೆ ಎಂದು ಸುದ್ದಿ ಬಂದಿತ್ತು.

ಇಲಿ ಬೀಳುವುದೆಂದರೆ ಏನೆಂದು ಈಗಿನವರಿಗೆ ಹೇಳಬೇಕು. ಮನೆಯ ಜಂತಿಗಳಿಂದ, ಕಾಳಿನ ಚೀಲಗಳ ಸಂದಿಯಿಂದ ಇಲಿಗಳು ಹಾಡಹಗಲೇ ಹೊರಬಂದು, ಕುಡಿದವರಂತೆ ಓಲಾಡಿ ಸಾಯುತ್ತಿದ್ದವು. ಅದರ ಬೆನ್ನಿಗೇ ಪ್ಲೇಗು. ಸತ್ತ ಇಲಿಯ ಮೈ ತಣ್ಣಗಾದ ಕೂಡಲೇ ಅದರ ಮೇಲಿನ ಚಿಗಟಗಳು ಬಿಸಿ ರಕ್ತ ಹುಡುಕಿಕೊಂಡು ಮನುಷ್ಯರ ಕಾಲಿಗೆ ಹಾರುತ್ತವೆ. ಜನ ಚಿಗಟದ ಶಾಸ್ತ್ರ ಓದಿರಲಿಲ್ಲ. ಆದರೆ ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಬೇಕೆಂಬುದನ್ನು ಅಜ್ಜಂದಿರ ಕಾಲದಿಂದ ಬಲ್ಲವರಾಗಿದ್ದರು.

ನಮ್ಮ ಅಧ್ಯಕ್ಷರು ತಲೆ ನರೆತ ಹಿರಿಯ ಡಾಕ್ಟರು. ತಾಟಿನಲ್ಲಿ ಒಂದು ವೀಳ್ಯವಿಟ್ಟು ಮೇಜಿನ ನಡುವೆ ಸರಿಸಿದರು.

"ಹಿಂದಕ ದಂಡಿಗೆ ಹೋಗವರು ಹಿಂಗ ವೀಳ್ಯಾ ಎತ್ತತಿದ್ರು. ಸರಕಾರಿ ಡಾಕ್ಟರ್ ಒಬ್ಬ, ಹಳ್ಳಿ ಹತ್ತಾರು. ಸಂಘದಿಂದ ಒಬ್ಬರು ಹೋಗಬೇಕು. ಯಾರು ಎತ್ತತೀರಿ?"

ಎಲ್ಲರ ಮನೆಯಲ್ಲೂ ಹೆಂಡತಿ, ಮಕ್ಕಳು. ನನಗೆ ಇನ್ನೂ ಮದುವೆಯಾಗಿರಲಿಲ್ಲ, ಜಂಬ ಮಾತ್ರ ಬೇಕಾದಷ್ಟಿತ್ತು. ಎತ್ತಿ ಬಾಯಿಗೆ ಹಾಕಿಕೊಂಡೆ. ಅಧ್ಯಕ್ಷರು ಲಸಿಕೆಯ ಬಾಟಲಿಗಳ ಜೊತೆಗೆ ಒಂದು ಸಣ್ಣ ಸೀಸೆಯನ್ನೂ ಕೊಟ್ಟರು. ಅದರಲ್ಲಿ ಯುದ್ಧದಿಂದಾಗಿ ಎಲ್ಲಿಯೂ ಸಿಗದಾಗಿದ್ದ ಸಲ್ಫಾ ಮಾತ್ರೆಗಳಿದ್ದವು.

"ಇವು ಮಂದಿಗಲ್ಲ, ನಿಮಗ. ಜ್ವರ ಬಂತಂದ್ರ ತಗೋರಿ," ಎಂದರು.

ಮೂಡಲಗಿಯವರೆಗೆ ಬಸ್ಸು, ಮುಂದೆ ಚಕ್ಕಡಿ. ಊರು ಹೊಕ್ಕಾಗ ಒಂದು ನಾಯಿಯೂ ಬೊಗಳಲಿಲ್ಲ. ಬಾಗಿಲುಗಳಿಗೆಲ್ಲ ಕೀಲಿ. ಒಂದು ಮನೆಯ ಕಟ್ಟೆಯ ಮೇಲೆ ನಾಲ್ಕು ಇಲಿ ಸತ್ತು ಬಿದ್ದಿದ್ದವು. ಚಕ್ಕಡಿ ಹೊಡೆಯುವವನು ಮಾತು ನಿಲ್ಲಿಸಿ ಎತ್ತುಗಳನ್ನು ಓಡಿಸಿದ. ಜನರೆಲ್ಲ ಊರಾಚೆಯ ಹೊಲದಲ್ಲಿ ಜೋಳದ ಕಣಿಕೆಯ ಗುಡಿಸಲು ಹಾಕಿಕೊಂಡಿದ್ದರು. ಶಿವಲಿಂಗಪ್ಪ ಎಂಬ ರೈತ ತನ್ನ ಗುಡಿಸಲ ಪಕ್ಕದಲ್ಲೇ ನನಗೂ ಒಂದನ್ನು ಹಾಕಿಕೊಟ್ಟ. ಅವನ ತಾಯಿ ಗಂಗವ್ವ, ಹೆಂಡತಿ ನೀಲವ್ವ.

ಲಸಿಕೆಗೆ ಮೊದಲು ಯಾರೂ ಮುಂದೆ ಬರಲಿಲ್ಲ. ನೀಲವ್ವ ಬಂದು ತೋಳು ಚಾಚಿದಳು. "ಏನ್ರಿ ಡಾಕ್ಟರ್ರ, ಸೂಜಿಗಿಂತ ನೀವ ಸಣ್ಣ ಅದೀರಲ್ಲ! ಮೊದಲ ಎರಡು ರೊಟ್ಟಿ ತಿನ್ರಿ, ಆಮ್ಯಾಲ ಚುಚ್ಚೀರಂತ." ಎಲ್ಲರೂ ನಕ್ಕರು. ನಕ್ಕವರೆಲ್ಲ ಸಾಲಾಗಿ ನಿಂತರು. ನನ್ನ ಓದು ಮಾಡಲಾಗದ ಕೆಲಸವನ್ನು ಅವಳ ಒಂದು ಮಾತು ಮಾಡಿತು.

ಮೂರನೆಯ ದಿನ ಹೊತ್ತು ಮುಳುಗುವಾಗ ಅವಳು ಎಣ್ಣೆಯ ಗಿಂಡಿ ಹಿಡಿದು ಬಂದಳು.

"ಒಂದ ಮಾತು ಕೇಳ್ತೇನಿ, ಬೈಬ್ಯಾಡ್ರಿ. ಮನ್ಯಾಗ ದೇವರ ಜಗಲಿ ಮುಂದ ದೀಪಾ ಇಲ್ಲದ ಮೂರು ದಿನ ಆತು. ಅತ್ತಿ ಊಟಾ ಬಿಟ್ಟಾರ. ಒಂದೀಟು ಹೋಗಿ ಹಚ್ಚಿ ಬರ್ಲೇನ್ರಿ?"

ಮನೆಯೊಳಗೆ ದೇವರನ್ನಿಡುವ ಕಟ್ಟೆಗೆ ನಮ್ಮ ಕಡೆ ದೇವರ ಜಗಲಿ ಎನ್ನುತ್ತಾರೆ. ಲಸಿಕೆ ಮೈಗೆ ಹತ್ತಲು ವಾರದ ಮೇಲೆ ಬೇಕು. ಬಿಟ್ಟ ಮನೆಯ ಚಿಗಟ ಹಸಿದಿರುತ್ತದೆ, ಒಳಗೆ ಇಟ್ಟ ಮೊದಲ ಕಾಲಿಗೇ ಮುತ್ತುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ನಮ್ಮೂರು ಬೆಲ್ಲದ ಬಾಗೇವಾಡಿಯಲ್ಲಿ ನನ್ನ ಅವ್ವ ಸಂಜೆ ದೀಪ ಹಚ್ಚದೆ ಗುಟುಕು ನೀರೂ ಕುಡಿಯುವವಳಲ್ಲ. ಅವಳ ಮುಖವೇ ಕಣ್ಣ ಮುಂದೆ ಬಂತು.

"ಹೂಂ, ಹೋಗ್ರಿ. ಹಚ್ಚಿದವರ ನಿಲ್ಲದ ಬರ್ರಿ," ಎಂದೆ.

ಅಂದಿನಿಂದ ದಿನಾಲೂ ಹೋದಳು. ಸತ್ತಂತಿದ್ದ ಊರಿನಲ್ಲಿ ಒಂದೇ ಒಂದು ಬೆಳಕಿಂಡಿ ಮಿನುಗುತ್ತಿತ್ತು. ಅದನ್ನು ನೋಡಿ ನನಗೆ ಸಮಾಧಾನವೂ ಆಗುತ್ತಿತ್ತು. ಥೂ ನನ್ನ ಬುದ್ಧಿಗೆ!

ಒಂದು ಸಂಜೆ ಮೊಣಕಾಲ ಕೆಳಗೆ ಕೆರೆದುಕೊಳ್ಳುತ್ತ ಬಂದಳು. ಏನೆಂದು ಕೇಳಿದೆ. "ಏನಿಲ್ಲ ಬಿಡ್ರಿ, ಗುಂಗಾಡು," ಎಂದಳು. ಗುಂಗಾಡು ಎಂದರೆ ನಮ್ಮ ಕಡೆ ಸೊಳ್ಳೆ. ನಾನೂ ಅದೇ ಇರಬೇಕೆಂದು ನಂಬಿದೆ. ಅದಾದ ಮೂರನೆಯ ದಿನ ಬೆಳಿಗ್ಗೆ ಅವಳು ರೊಟ್ಟಿ ಬಡಿಯುವ ಸದ್ದು ಕೇಳಲಿಲ್ಲ. ಹೋಗಿ ನೋಡಿದರೆ ಮೈ ಕೆಂಡ, ಕಣ್ಣು ಕೆಂಪು, ತೊಡೆಯ ಸಂದಿನಲ್ಲಿ ನಿಂಬೆಕಾಯಿಯಷ್ಟು ಗಂಟು.

ಸೀಸೆ ತೆಗೆದೆ. ಅಧ್ಯಕ್ಷರ ಮಾತು ನೆನಪಿತ್ತು. ಆದರೂ ವೀಳ್ಯ ಎತ್ತಿದವನು ನಾನು, ಅವಳಲ್ಲ. ಮಾತ್ರೆಗಳನ್ನೆಲ್ಲ ಅವಳಿಗೇ ಕೊಟ್ಟೆ. ಮೂರು ದಿನ ಅವಳ ಬಳಿಯೇ ಕುಳಿತೆ. ನಡುವೆ ಒಮ್ಮೆ ಅವಳಿಗೆ ಎಚ್ಚರವಾಯಿತು. "ದೀಪಾ ಯಾರ ಹಚ್ಚಿದ್ರಿ?" ಎಂದು ಕೇಳಿದಳು. ನಾಲ್ಕನೆಯ ದಿನ ಮಧ್ಯಾಹ್ನ ತೀರಿಕೊಂಡಳು. ನಾನು ಗುಡಿಸಲ ಹಿಂದೆ ಹೋಗಿ ಅತ್ತೆ.

ಮಣ್ಣು ಮಾಡಿ ಬಂದ ಶಿವಲಿಂಗಪ್ಪ ಗುಡಿಸಲ ಮುಂದೆ ಕುಳಿತಿದ್ದ. ಹೊತ್ತು ಮುಳುಗುತ್ತಿತ್ತು. ಗಂಗವ್ವ ಅದೇ ಗಿಂಡಿ ಎತ್ತಿಕೊಂಡು ಊರ ಕಡೆಗೆ ನಡೆದಳು. ನಾನು ಓಡಿ ಹೋಗಿ ಅಡ್ಡ ನಿಂತೆ. ಚಿಗಟ ಎಂದೆ, ಪ್ಲೇಗು ಎಂದೆ, ಕೈ ಮುಗಿದೆ.

"ಸರಿ ಆಚೆ. ನನ್ನ ಸೊಸಿ ಜೀಂವಾ ಕೊಟ್ಟು ಹಚ್ಚಿದ ದೀಪಾ, ಅದನ್ನ ನಾ ಆರಸ್ಲೇನು?"

ಆಗ ಅವಳ ಕೊರಳಿನ ಶಿವದಾರ, ಎದೆಯ ಮೇಲೆ ಅರಿವೆಯಲ್ಲಿ ಸುತ್ತಿದ್ದ ಇಷ್ಟಲಿಂಗ ಕಣ್ಣಿಗೆ ಬಿತ್ತು. ನನ್ನ ಅಂಗಿಯೊಳಗೂ ಅದೇ ಇತ್ತು, ನೀಲವ್ವನ ಕೊರಳಲ್ಲೂ ಇತ್ತು.

"ಅವ್ವಾ, ನಿಮ್ಮ ದೇವರು ಎಲ್ಲಿ ಅದಾನ?" ಎಂದೆ.

ಅವಳ ಕೈ ತಾನಾಗಿಯೇ ಎದೆಗೆ ಹೋಯಿತು.

"ಹಂಗಾರ ಆ ಖಾಲಿ ಮನ್ಯಾಗ ಯಾರ ಮುಂದ ದೀಪಾ ಹಚ್ಚತೀರಿ?"

ಗಂಗವ್ವ ಗುಡಿಸಲಿಗೆ ತಿರುಗಿ ಬಂದು, ಹಣತೆಗೆ ಎಣ್ಣೆ ಹಾಕಿ ಹಚ್ಚಿದಳು. ನಂತರ ನನ್ನ ಕಡೆ ನೋಡಿದಳು. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದಳು:

"ಈ ಮಾತ ಅಕಿ ಕೇಳಾಕ ಬಂದಾಗ ಯಾಕ ಹೇಳ್ಲಿಲ್ಲೋ, ತಮ್ಮಾ?"

ಮರುದಿನದಿಂದ ಪ್ರತಿ ಗುಡಿಸಲಿನಲ್ಲೂ ದೀಪ. ಪ್ಲೇಗು ಇಳಿಯುವ ತನಕ ಊರೊಳಗೆ ಯಾರೂ ಕಾಲಿಡಲಿಲ್ಲ.

ಮುಂದೆಯೂ ಸಂಘದ ತಾಟಿನಿಂದ ಎಷ್ಟೋ ಸಲ ವೀಳ್ಯ ಎತ್ತಿದೆ. ರೋಗಿಗೆ ಬೇಡ ಎನ್ನಬೇಕಾದಾಗ, ಆ 'ಬೇಡ'ವನ್ನು ಅವರು ಒಪ್ಪುವಂಥ ಮಾತು ಅವರ ಮನೆಯಲ್ಲೇ ಇರುತ್ತದೆ. ಅದನ್ನು ಹುಡುಕುವುದೂ ಡಾಕ್ಟರನ ಕೆಲಸ. ಆ ಸಂಜೆ ನಾನು ಹುಡುಕಲಿಲ್ಲ, 'ಹೂಂ' ಅಂದುಬಿಟ್ಟೆ. ಬಹಳ ವರ್ಷ ಅದನ್ನು ಕನಿಕರ ಎಂದುಕೊಂಡಿದ್ದೆ. ಅದು ಸೋಮಾರಿತನ.