ಸೀತು ಮಾಡಿದ ಸನ್ನೆ

ಶಿರಾಡಿ ಘಾಟಿ ಹತ್ತುವ ಲಾರಿಗಳು ಗುಂಡ್ಯದಲ್ಲಿ ನಿಲ್ಲುತ್ತಿದ್ದುದೇ ಸೀತುವಿನ ಹೋಟೆಲಿನ ಚಾಕ್ಕಾಗಿ. ಒಲೆಯ ಮುಂದೆ ಗಂಡ ತ್ಯಾಂಪಣ್ಣ, ಉಳಿದೆಲ್ಲ ಕಡೆ ಸೀತು.

1958ರಲ್ಲಿ ಮಂಗಳೂರಿನ, ಮೈಸೂರಿನ ಡಾಕ್ಟರರು ಒಟ್ಟು ಸೇರಿ ಬಂದರು. ಪ್ರಾಯ ಸಂದವರ ದೇಹ, ನೆನಪು ಹೇಗೆ ಬದಲಾಗುತ್ತವೆಂದು ಪ್ರತಿವರ್ಷ ಬಂದು ನೋಡುತ್ತಾರಂತೆ. ದಂಪತಿ ಒಪ್ಪಿದರು. ತೂಕ, ರಕ್ತದೊತ್ತಡ ಆದಮೇಲೆ ಐದು ಶಬ್ದ ಹೇಳಿ, ಬೇರೇನೋ ಮಾತಾಡಿ, ಮತ್ತೆ ಅವನ್ನೇ ಕೇಳುವುದು.

"ಇದೆಂತ ಮಕ್ಕಳಾಟ!" ಎಂದು ತ್ಯಾಂಪಣ್ಣ ಐದನ್ನೂ ಒದರಿದ.

ನಾಲ್ಕನೇ ವರ್ಷ ಎರಡಕ್ಕೇ ನಿಂತ. ಮುಖ ಬೆವರಿತು. ಬಾಗಿಲ ಮರೆಯಲ್ಲಿ ಐದೂ ಶಬ್ದ ಕೇಳಿಸಿಕೊಂಡಿದ್ದ ಸೀತುವಿಗೆ ತಡೆಯಲಾಗಲಿಲ್ಲ. ಕೊಡೆ ಬಿಡಿಸುವ ಸನ್ನೆ ಮಾಡಿದಳು.

"ಕೊಡೆ!" ಎಂದ ಅವನು.

ಅಂದಿನಿಂದ ಅವಳ ನೆಮ್ಮದಿ ಹಾರಿತು. ಮಳೆಗಾಲ ಕಳೆದು ಡಾಕ್ಟರರು ಬರುವ ಹೊತ್ತಾದರೆ ಸಾಕು, ಯಾವ ಜೀಪು ಬಂದರೂ ಎದೆ ಧಸಕ್ಕೆನ್ನುವುದು. ಚಾಕ್ಕೆ ಸಕ್ಕರೆ ಎರಡು ಸಲ ಬಿದ್ದರೆ, "ನನ್ನದೇ ಕೈತಪ್ಪು" ಎಂದು ಗಿರಾಕಿಗಳೆದುರು ಅವಳೇ ಹೊಣೆ ಹೊರುವಳು. ವರ್ಷವರ್ಷವೂ ಸನ್ನೆ ಮುಂದುವರಿಯಿತು. ಕೊನೆಗೊಂದು ಬೆಳಿಗ್ಗೆ ತ್ಯಾಂಪಣ್ಣ ಕುದಿಯುವ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿಬಿಟ್ಟ.

ಆ ಸಲ ಡಾಕ್ಟರರೊಡನೆ ಬಂದ ನರ್ಸ್ ಮನೋರಮಾ ಸುಟ್ಟ ಕೈ ನೋಡಿ, ಸೀತುವನ್ನು ಹಿತ್ತಿಲಿಗೆ ಕರೆದಳು.

"ಸೀತಕ್ಕ, ನೀವು ಸನ್ನೆ ಮಾಡುದು ನನಗೆ ಇವತ್ತು ಗೊತ್ತಾಯ್ತು."

"ಗೊತ್ತಿದ್ರೆ ಎಂತ ಈಗ? ನನ್ನ ಗಂಡ ಮರುಳ ಅಂತ ಬರೀತೀರಾ?"

"ಇಲ್ಲ ಮಾರಾಯ್ರೆ. ಅವರನ್ನು ಒಲೆ ಹತ್ರ ಬಿಡ್ಬೇಡಿ ಅಂತ ಎಂದೋ ಹೇಳ್ಬೇಕಿತ್ತು. ನಿಮ್ಮ ಸನ್ನೆ ನೋಡಿ ಅವರು ಹೇಳಿದ್ದನ್ನು ನಂಬಿ ಎಲ್ಲ ಸರಿ ಉಂಟು ಅಂದ್ವಿ."

"ಮದ್ದು ಉಂಟಾ?"

"ಈಗ ಇಲ್ಲ."

"ಮತ್ತೆ ನೀವು ಬರುದು ಯಾಕೆ?"

"ಮರೆವು ಯಾವಾಗ, ಹೇಗೆ ಶುರುವಾಗ್ತದೆ ಅಂತ ತಿಳಿಬೇಕಲ್ಲ. ಜೊತೆಯಲ್ಲಿ ಇರುವವರು ನೀವು. ನೀವೇ ಮುಚ್ಚಿಟ್ರೆ?"

ಸೀತು ಒಳಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತಿಕ್ಕಿದಳು. ಜೀಪು ಹೊರಡುವ ಸದ್ದಾದಾಗ ಒದ್ದೆಗೈಯಲ್ಲೇ ಓಡಿ ಅಡ್ಡ ನಿಂತಳು. ಹೊಳೆಗೆ ಹೋದ ತ್ಯಾಂಪಣ್ಣ ದಾರಿ ತಪ್ಪಿದ್ದು, ಸ್ವಂತ ತಮ್ಮನನ್ನು "ಯಾರು ನೀವು?" ಎಂದು ಕೇಳಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಡ್ರೈವರ್ ಇಂಜಿನು ಆರಿಸಿದ. ಡಾಕ್ಟರರು ಇಳಿದು ಬಂದು ಮೊದಲಿನಿಂದ ಕೇಳಿಸಿಕೊಂಡರು.

ಮರುದಿನದಿಂದ ಒಲೆ ಸೀತುವಿನದಾಯಿತು. ತ್ಯಾಂಪಣ್ಣ ಎದುರಿನ ಬೆಂಚಿನಲ್ಲಿ ಕೂತು, ಬಂದವರನ್ನೆಲ್ಲ "ಬನ್ನಿ, ಆಸರಿಗೆ ಕುಡಿಲಿಕ್ಕೆ ಎಂತ ಬೇಕು?" ಎಂದು ಕರೆಯುತ್ತಿದ್ದ. ಅದನ್ನು ಅವನು ಮರೆಯಲಿಲ್ಲ. ಅವನು ಅಲ್ಲೇ ಇದ್ದಾನೋ, ಎದ್ದು ಹೋದನೋ ಎಂದು ಸೀತು ಗಳಿಗೆಗೊಮ್ಮೆ ತಲೆಯೆತ್ತುತ್ತಿದ್ದಳು. 1967ರಲ್ಲಿ ಅವನು ತೀರಿಕೊಂಡ ಮೇಲೂ ಎಷ್ಟೋ ತಿಂಗಳು ಅವಳ ಕತ್ತು ಆ ಕಡೆಗೆ ತಿರುಗುತ್ತಲೇ ಇತ್ತು.